ಕಣ್ಣು ಕೆಂಪಾಗಿಲ್ಲ, ನೋಟ ಮಾತ್ರ ಮಸುಕು: ದೃಷ್ಟಿನರದ ಉರಿಯೂತ

ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ಕಣ್ಣುರಿ ಹೊಸದೇನಲ್ಲ. ಘಾಟಿಗೆ ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ತಣ್ಣೀರಲ್ಲಿ ತೊಳೆದರೆ ಕ್ರಮೇಣ ಕಡಿಮೆಯಾಗುತ್ತದೆ. ಹಾಗಾಗಿ ಕಣ್ಣುನೋವು ಎಂದೊಡನೆ ‘ಖಾರದ ಧೂಳು ಬಿದ್ದಿರಬೇಕು’ ಎಂದುಕೊಳ್ಳುತ್ತೇವೆ. ಆದರೆ ಕಣ್ಣು ಹೊರಗಿನಿಂದ ಬೆಳ್ಳಗೆ, ಚೆನ್ನಾಗಿಯೇ ಇದ್ದು, ನೋಟ ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಅದು ಧೂಳಿನ ತೊಂದರೆಯಲ್ಲ. ಅದು ದೃಷ್ಟಿನರದ ಉರಿಯೂತ, ಅಂದರೆ ಆಪ್ಟಿಕ್ ನ್ಯೂರೈಟಿಸ್ ಆಗಿರಬಹುದು.

ಏನಿದು?

ಕಣ್ಣು ಕಂಡದ್ದನ್ನು ಮಿದುಳಿಗೆ ಮುಟ್ಟಿಸುವುದು ದೃಷ್ಟಿನರ. ವಿದ್ಯುತ್ ತಂತಿಗಿರುವಂತೆ ಇದರ ಎಳೆಗಳಿಗೂ ಮೈಲಿನ್ ಎಂಬ ಹೊದಿಕೆಯಿದೆ. ದೇಹದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ಹೊದಿಕೆಯ ಮೇಲೆ ಎರಗಿದಾಗ ನರ ಊದಿಕೊಳ್ಳುತ್ತದೆ. 20ರಿಂದ 45 ವರ್ಷದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಇದು ಹೆಚ್ಚು. ಮಕ್ಕಳಿಗೆ ಜ್ವರ ಬಂದುಹೋದ ಮೇಲೆ ಎರಡೂ ಕಣ್ಣಿಗೆ ಬರಬಹುದು.

ಗುರುತಿಸುವುದು ಹೇಗೆ?

* ಸಾಮಾನ್ಯವಾಗಿ ಒಂದೇ ಕಣ್ಣಿನ ನೋಟ ಕೆಲವು ಗಂಟೆ ಅಥವಾ ದಿನಗಳಲ್ಲಿ ಮಸುಕಾಗುವುದು.
* ಕಣ್ಣುಗುಡ್ಡೆ ಹೊರಳಿಸಿದಾಗ ಹಿಂಭಾಗದಲ್ಲಿ ನೋವು.
* ಬಣ್ಣಗಳು, ಮುಖ್ಯವಾಗಿ ಕೆಂಪು, ಮಾಸಿದಂತೆ ಕಾಣುವುದು.
* ನೋಟದ ನಡುವೆ ಕಪ್ಪು ಕಲೆ.

ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರ ದೋಷ ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದೊಂದೇ ಕಣ್ಣನ್ನು ಪರೀಕ್ಷಿಸಿ. ಬ್ಯಾಡಗಿ ಮೆಣಸಿನಕಾಯಿಯ ಹೆಸರೇ ಅದರ ಗಾಢ ಕೆಂಪಿಗೆ. ಒಂದು ಕಾಯಿಯನ್ನು ಬಿಳಿ ತಟ್ಟೆಯಲ್ಲಿಟ್ಟು, ಕೈ ತೊಳೆದುಕೊಳ್ಳಿ. ಕನ್ನಡಕವಿದ್ದರೆ ಹಾಕಿಕೊಂಡು, ಅಂಗೈಯಿಂದ ಒಂದು ಕಣ್ಣು ಮುಚ್ಚಿ ನೋಡಿ, ನಂತರ ಇನ್ನೊಂದನ್ನು ಮುಚ್ಚಿ ನೋಡಿ. ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಕಂದು ಅಥವಾ ಮಾಸಲು ಕಿತ್ತಳೆಯಾಗಿ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ವ್ಯತ್ಯಾಸ ಕಾಣದಿದ್ದರೂ ನೋಟ ಮಸುಕಾಗಿದ್ದರೆ ತೋರಿಸಲೇಬೇಕು.

ವೈದ್ಯರು ಏನು ನೋಡುತ್ತಾರೆ?

ಅಕ್ಷರ ಮತ್ತು ಬಣ್ಣದ ಪರೀಕ್ಷೆಯ ನಂತರ ಟಾರ್ಚ್ ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹಾಯಿಸುತ್ತಾರೆ. ಬೆಳಕು ಬಿದ್ದಾಗ ಕಿರಿದಾಗಬೇಕಾದ ಪಾಪೆ ಹಿಗ್ಗಿದರೆ ಆ ಕಡೆಯ ನರಕ್ಕೆ ಪೆಟ್ಟಾಗಿದೆ ಎಂದರ್ಥ. ವಯಸ್ಕರಲ್ಲಿ ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಉರಿಯೂತ ಕಣ್ಣುಗುಡ್ಡೆಯ ಹಿಂದೆ ಇರುವುದರಿಂದ ಕಣ್ಣಿನ ಒಳಭಾಗ ಸರಿಯಾಗಿಯೇ ಕಾಣುತ್ತದೆ. ಆಗ ಟಾರ್ಚ್ ಪರೀಕ್ಷೆಯೇ ದೊಡ್ಡ ಸುಳಿವು. ಮೊದಲ ತಪಾಸಣೆ ಹಾವೇರಿ ಜಿಲ್ಲಾಸ್ಪತ್ರೆಯಲ್ಲೇ ಆಗಬಹುದು. ಹೆಚ್ಚಿನ ಪರೀಕ್ಷೆಗೆ, ನರರೋಗ ತಜ್ಞರ ಸಲಹೆಗೆ ಹುಬ್ಬಳ್ಳಿ ಅಥವಾ ದಾವಣಗೆರೆಗೆ ಕಳಿಸಬಹುದು. ಎಂ.ಆರ್.ಐ. ಮತ್ತು ರಕ್ತ ಪರೀಕ್ಷೆಯಿಂದ ಮಲ್ಟಿಪಲ್ ಸ್ಕ್ಲೆರೋಸಿಸ್, ಎನ್‌.ಎಂ.ಒ. ಮುಂತಾದ ಕಾಯಿಲೆಗಳು ಇವೆಯೇ ಎಂದು ತಿಳಿಯುತ್ತದೆ. ಎನ್‌.ಎಂ.ಒ. ಇದ್ದರೆ ಚಿಕಿತ್ಸೆ ತಡವಾದಷ್ಟೂ ನೋಟ ಕಾಯಂ ಆಗಿ ಹೋಗುವ ಭಯ ಹೆಚ್ಚು.

ಮಾತ್ರೆ ನೀವೇ ಕೊಳ್ಳಬೇಡಿ

ಅನೇಕರ ನೋಟ ವಾರಗಳಲ್ಲಿ ಸುಧಾರಿಸತೊಡಗುತ್ತದೆ. ರಕ್ತನಾಳದ ಮೂಲಕ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಅದನ್ನು ಬೇಗನೆ ಆಗಿಸುತ್ತದೆ. ಅಮೆರಿಕದಲ್ಲಿ 450ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಧಾರಣ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಯನ್ನಷ್ಟೇ ತೆಗೆದುಕೊಂಡವರಿಗೆ ಕಾಯಿಲೆ ಮರುಕಳಿಸಿದ್ದು ಹೆಚ್ಚು. ಆದ್ದರಿಂದ ಔಷಧಿ ಅಂಗಡಿಯ ಮಾತ್ರೆಯನ್ನು ಸ್ವತಃ ನುಂಗಬಾರದು, ಕೊಟ್ಟದ್ದನ್ನು ತಟ್ಟನೆ ನಿಲ್ಲಿಸಲೂ ಬಾರದು. ಗುಲಾಬಿ ನೀರು, ಜೇನು, ಎಣ್ಣೆ ನರವನ್ನು ತಲುಪುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಕ್ಷಯಕ್ಕೆ ಎಥಾಂಬುಟಾಲ್ ತೆಗೆದುಕೊಳ್ಳುವವರಿಗೆ ಎರಡೂ ಕಣ್ಣು ನೋವಿಲ್ಲದೆ ಮಸುಕಾದರೆ ಅಂದೇ ವೈದ್ಯರಿಗೆ ತಿಳಿಸಬೇಕು.

ರಮಝಾನ್ ಮುಗಿಯಲಿ ಎಂದು ಚಿಕಿತ್ಸೆ ಮುಂದೂಡಬೇಡಿ. ರೋಗಿಗೆ ಉಪವಾಸ ಬಿಟ್ಟು ನಂತರ ಪೂರೈಸುವ ರಿಯಾಯಿತಿ ಇದೆ. ಮನೆಯ ಹೆಣ್ಣುಮಕ್ಕಳು ‘ಸ್ವಲ್ಪ ಮಸುಕು, ಹೋಗುತ್ತೆ ಬಿಡಿ’ ಎಂದರೆ ಅಲ್ಲಿಗೇ ಬಿಡದೆ, ಆ ಕೆಂಪು ಮೆಣಸಿನಕಾಯಿಯನ್ನೊಮ್ಮೆ ಅವರಿಗೆ ತೋರಿಸಿ ಕೇಳಿ.