ಕಿಂಗ್ ಕಾಂಗ್ ಮೈಮೇಲಿನ ಬೆರಳ ಗುರುತು: ಹಳೆಯ ಗೊಂಬೆ ದೈತ್ಯರು ಇನ್ನೂ ಯಾಕೆ ಇಷ್ಟವಾಗುತ್ತಾರೆ?

1933ರ 'ಕಿಂಗ್ ಕಾಂಗ್' ಸಿನಿಮಾ ಎಲ್ಲಾದರೂ ಸಿಕ್ಕರೆ ಒಮ್ಮೆ ನೋಡಿ. ನೋಡುವಾಗ ಕಥೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಕಾಂಗ್‌ನ ಮೈಕೂದಲನ್ನೇ ಗಮನಿಸಿ. ಆ ದೈತ್ಯ ಗೊರಿಲ್ಲ ಹೆಚ್ಚು ಕದಲದೆ ನಿಂತಿದ್ದಾಗಲೂ ಅದರ ಎದೆ, ಭುಜ, ತೋಳಿನ ಕೂದಲು ಸರಸರನೆ ಅಲುಗಾಡುತ್ತಿರುತ್ತದೆ. ಮೊದಲ ಸಲ ನೋಡಿದವರಿಗೆ ಗಾಳಿ ಬೀಸುತ್ತಿದೆ ಅನ್ನಿಸಬಹುದು.

ಅದು ಗಾಳಿಯಲ್ಲ, ಬೆರಳು. ಕಾಂಗ್ ಅಂದರೆ ಸುಮಾರು ಒಂದೂವರೆ ಅಡಿ ಎತ್ತರದ ಗೊಂಬೆ. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಅದರ ಮೇಲೆ ಹತ್ತಿ ಮತ್ತು ರಬ್ಬರಿನ ಮಾಂಸಖಂಡ, ಹೊರಗೆ ಮೊಲದ ತುಪ್ಪಳ. ಗೊಂಬೆಯ ಕೈಕಾಲನ್ನು ಕೂದಲೆಳೆಯಷ್ಟು ಸರಿಸಬೇಕು, ಒಂದು ಫ್ರೇಮ್ ಚಿತ್ರ ತೆಗೆಯಬೇಕು, ಮತ್ತೆ ಸರಿಸಬೇಕು. ಪ್ರತಿ ಸಲ ಬೆರಳು ತಾಗಿದಾಗಲೂ ತುಪ್ಪಳ ಅಷ್ಟಿಷ್ಟು ಕೆದರುತ್ತಿತ್ತು. ಚಿತ್ರಗಳನ್ನು ಒಟ್ಟಿಗೆ ಓಡಿಸಿದಾಗ ಕಾಂಗ್ ನಡೆದ, ಘರ್ಜಿಸಿದ. ಜೊತೆಗೆ ಅವನನ್ನು ಮುಟ್ಟಿದ ಬೆರಳುಗಳ ಗುರುತೂ ಪರದೆಗೆ ಬಂತು.

ಲೆಕ್ಕದ ಪ್ರಕಾರ ಇದೊಂದು ದೋಷ. ಆದರೆ ತೊಂಬತ್ತು ವರ್ಷ ದಾಟಿದ ಮೇಲೂ ಈ ಸಿನಿಮಾಗಳನ್ನು ಹುಡುಕಿಕೊಂಡು ನೋಡುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಹಳೆಯದರ ಮೇಲಿನ ಮೋಹ ಅಂತ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇವು ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬಂದ ಸಿನಿಮಾಗಳು, ಬಾಲ್ಯದಲ್ಲಿ ನೋಡಿದವೂ ಅಲ್ಲ. ಹಾಗಾದರೆ ಎಳೆಯುತ್ತಿರುವುದು ಏನು?

ಸೆಕೆಂಡಿಗೆ 24 ಸಲ

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಅಂದರೆ ಗೊಂಬೆ ಒಂದು ನಿಮಿಷ ನಡೆಯಬೇಕಾದರೆ 1,440 ಚಿತ್ರ. ಇದೇ ಸ್ಟಾಪ್ ಮೋಷನ್. ಈ ವಿದ್ಯೆಯನ್ನು ದೈತ್ಯಪ್ರಾಣಿಗಳಿಗೆ ಒಗ್ಗಿಸಿದವರಲ್ಲಿ ಮುಖ್ಯರು ಅಮೆರಿಕದ ವಿಲ್ಲಿಸ್ ಓ'ಬ್ರಯನ್. 1925ರ 'ದಿ ಲಾಸ್ಟ್ ವರ್ಲ್ಡ್' ಸಿನಿಮಾಕ್ಕೆ ಡೈನೋಸಾರ್‌ಗಳನ್ನು ಕುಣಿಸಿದವರು ಅವರೇ. ಆ ಕಥೆ ಬರೆದಿದ್ದು ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್. ಸಿನಿಮಾ ಬರುವುದಕ್ಕೆ ಮೊದಲೇ, 1922ರಲ್ಲಿ, ಡಾಯ್ಲ್ ಅದರ ಒಂದು ತುಣುಕನ್ನು ನ್ಯೂಯಾರ್ಕಿನ ಜಾದೂಗಾರರ ಸಭೆಯಲ್ಲಿ ಏನೂ ವಿವರಣೆ ಕೊಡದೆ ತೋರಿಸಿದ್ದರು. ಕಣ್ಕಟ್ಟನ್ನೇ ಕಸುಬು ಮಾಡಿಕೊಂಡವರೂ ಬೆರಗಾದರು, ಪತ್ರಿಕೆಯಲ್ಲೂ ಸುದ್ದಿಯಾಯಿತು. ಆಮೇಲೆ ಡಾಯ್ಲ್ ಗುಟ್ಟು ಬಿಟ್ಟುಕೊಟ್ಟರು.

'ಕಿಂಗ್ ಕಾಂಗ್' ನೋಡಿ ತಲೆಕೆಟ್ಟವರಲ್ಲಿ ಲಾಸ್ ಏಂಜಲೀಸ್‌ನ ರೇ ಹ್ಯಾರಿಹೌಸನ್ ಎಂಬ ಹುಡುಗನೂ ಒಬ್ಬ. ಮನೆಯಲ್ಲೇ ಗೊಂಬೆ ಮಾಡತೊಡಗಿದ. ಲೋಹದ ಕೆಲಸ ಗೊತ್ತಿದ್ದ ಅಪ್ಪ ಕೀಲುಗಳನ್ನು ಮಾಡಿಕೊಟ್ಟರು, ಅಮ್ಮ ಗೊಂಬೆಗಳಿಗೆ ಬಟ್ಟೆ ಹೊಲಿದರು. ಮುಂದೆ ಆತ ಓ'ಬ್ರಯನ್ ಅವರ ಕೈಕೆಳಗೇ 'ಮೈಟಿ ಜೋ ಯಂಗ್' (1949) ಚಿತ್ರಕ್ಕೆ ದುಡಿದ. 1953ರ 'ದಿ ಬೀಸ್ಟ್ ಫ್ರಮ್ 20,000 ಫ್ಯಾದಮ್ಸ್'ನಿಂದ 1981ರ 'ಕ್ಲ್ಯಾಶ್ ಆಫ್ ದಿ ಟೈಟನ್ಸ್'ವರೆಗೆ ಈ ಕಲೆಗೆ ಇನ್ನೊಂದು ಹೆಸರೇ ಹ್ಯಾರಿಹೌಸನ್ ಎಂಬಂತಾಯಿತು.

ಅವರ ಕೆಲಸದ ಅಳತೆ ತಿಳಿಯಬೇಕಾದರೆ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' (1963) ಚಿತ್ರದ ಕೊನೆಯ ಕಾಳಗ ನೋಡಬೇಕು. ಮೂವರು ಮನುಷ್ಯರು, ನೆಲದೊಳಗಿಂದ ಎದ್ದುಬಂದ ಏಳು ಅಸ್ಥಿಪಂಜರಗಳು. ನಟರು ಮೊದಲು ನಿಜವಾದ ಕತ್ತಿವರಸೆಗಾರರ ಜೊತೆ ತಾಲೀಮು ಮಾಡಿದರು, ಶೂಟಿಂಗ್‌ನಲ್ಲಿ ಬರೀ ಗಾಳಿಯ ಜೊತೆ ಕಾದಾಡಿದರು. ಆಮೇಲೆ ಹ್ಯಾರಿಹೌಸನ್ ಆ ಚಿತ್ರೀಕರಣವನ್ನು ಒಂದೊಂದೇ ಫ್ರೇಮಿನಂತೆ ಹಿಂದಿನ ಪರದೆಗೆ ಬಿಟ್ಟು, ಮುಂದೆ ಮೇಜಿನ ಮೇಲೆ ಗೊಂಬೆಗಳನ್ನಿಟ್ಟು, ನಟನ ಕತ್ತಿ ಎಲ್ಲಿ ಬಂತೋ ಅಲ್ಲಿಗೆ ಸರಿಯಾಗಿ ಅಸ್ಥಿಪಂಜರದ ಗುರಾಣಿಯನ್ನು ತಂದು ನಿಲ್ಲಿಸಬೇಕಿತ್ತು. ಏಳು ತಲೆ, ಹದಿನಾಲ್ಕು ಕೈ, ಹದಿನಾಲ್ಕು ಕಾಲು. ದಿನಕ್ಕೆ ಸರಾಸರಿ 13 ಫ್ರೇಮ್. ದಿನವಿಡೀ ದುಡಿದರೆ ತೆರೆಯ ಮೇಲೆ ಅರ್ಧ ಸೆಕೆಂಡು! ಕೆಲವೇ ನಿಮಿಷದ ಈ ದೃಶ್ಯಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಧ್ಯೆ ನಿಲ್ಲಿಸಿ ಇಲ್ಲಿಯವರೆಗೆ ಹೇಗೆ ಬಂದಿದೆ ಅಂತ ನೋಡಿಕೊಳ್ಳುವ ಸೌಲಭ್ಯ ಇರಲಿಲ್ಲ. ಏಳು ಗೊಂಬೆಗಳ ಚಲನೆಯನ್ನೂ ತಲೆಯಲ್ಲೇ ಇಟ್ಟುಕೊಂಡಿರಬೇಕು.

ದುಡ್ಡಿನ ಇಕ್ಕಟ್ಟೂ ಇತ್ತು. 1955ರ 'ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ' ಚಿತ್ರದ ರಾಕ್ಷಸ ಆಕ್ಟೋಪಸ್‌ಗೆ ಇರುವುದು ಆರೇ ಬಾಹು. ಎಂಟು ಮಾಡಿದರೆ ಸಮಯವೂ ಖರ್ಚೂ ಹೆಚ್ಚು. ಜಪಾನಿನಲ್ಲಿ ಎಯ್ಜಿ ತ್ಸುಬುರಾಯ ಅವರಿಗೂ ಕಾಂಗ್ ಎಂದರೆ ಪ್ರಾಣ. ಆದರೆ 1954ರ 'ಗಾಡ್ಜಿಲ್ಲಾ'ಗೆ ಸ್ಟಾಪ್ ಮೋಷನ್ ಹಿಡಿದು ಕೂತರೆ ವರ್ಷಗಟ್ಟಲೆ ಬೇಕಾಗುತ್ತಿತ್ತು. ಹಾಗಾಗಿ ರಬ್ಬರ್ ವೇಷದೊಳಗೆ ಮನುಷ್ಯನನ್ನೇ ಇಳಿಸಿದರು.

ಕುಪ್ಪಳಿಸುವ ನಡಿಗೆಯ ಗುಟ್ಟು

ಈ ದೈತ್ಯರ ನಡಿಗೆ ನಯವಾಗಿರುವುದಿಲ್ಲ, ಸ್ವಲ್ಪ ಜರ್ಕ್ ಹೊಡೆಯುತ್ತದೆ. ಯಾಕೆ? ಫೋನ್ ಕ್ಯಾಮೆರಾದ ಎದುರು ಕೈಯನ್ನು ಜೋರಾಗಿ ಬೀಸಿ, ಆ ವಿಡಿಯೊವನ್ನು ನಡುವೆ ನಿಲ್ಲಿಸಿ ನೋಡಿ. ಕೈ ಮಸುಕಾಗಿ, ಎಳೆದಂತೆ ಕಾಣುತ್ತದೆ. ಆ ಮಸುಕಿನಿಂದಲೇ ನಮ್ಮ ಕಣ್ಣಿಗೆ ಚಲನೆ ಸರಾಗ ಅನ್ನಿಸುವುದು. ಗೊಂಬೆಯಾದರೋ ಚಿತ್ರ ತೆಗೆಯುವ ಹೊತ್ತಿಗೆ ಅಲುಗಾಡದೆ ನಿಂತಿರುತ್ತದೆ. ಪ್ರತಿ ಫ್ರೇಮೂ ಸ್ಪಷ್ಟ. ಸ್ಪಷ್ಟ ಚಿತ್ರಗಳ ಸಾಲು ಓಡಿದಾಗ ಕಣ್ಣಿಗೆ ಕುಪ್ಪಳಿಸಿದಂತೆ ಕಾಣುತ್ತದೆ.

ಇಲ್ಲೇ ಒಂದು ವಿಚಿತ್ರ ನಡೆಯುತ್ತದೆ. ಗೊಂಬೆ ನಿಜವಾದ ವಸ್ತು. ಅದರ ಮೇಲೆ ನಿಜವಾದ ಬೆಳಕು ಬಿದ್ದಿದೆ, ಚರ್ಮದಲ್ಲಿ ನಿಜವಾದ ಸುಕ್ಕಿದೆ. ಇದು ಎಲ್ಲೋ ಇದ್ದ ಗಟ್ಟಿ ವಸ್ತು ಅಂತ ಕಣ್ಣು ಒಪ್ಪುತ್ತದೆ. ಆದರೆ ಅದರ ಚಲನೆ ಮಾತ್ರ ಈ ಲೋಕದ್ದಲ್ಲ. ಕನಸಿನಲ್ಲಿ ಆಗುವ ಹಾಗೆ, ವಸ್ತು ನಿಜ, ನಡೆಯುವ ಸಂಗತಿ ಅಸಾಧ್ಯ. ತೀರಾ ನೈಜವಾಗಿಬಿಟ್ಟರೆ ಈ ಕನಸಿನ ಗುಣ ಹೋಗುತ್ತದೆ ಎಂಬುದು ಹ್ಯಾರಿಹೌಸನ್ ಅವರ ನಿಲುವೂ ಆಗಿತ್ತು.

ಮೊನ್ನೆ ಮನೆಯಲ್ಲಿ ಆ ಅಸ್ಥಿಪಂಜರಗಳ ಕಾಳಗ ಹಾಕಿದ್ದೆ. ಎಂಟು ವರ್ಷದ ಮಗಳು ಪಕ್ಕ ಬಂದು ಕೂತಳು. "ಅಪ್ಪ, ಇವು ಗೊಂಬೆ ಅಲ್ವಾ?" ಅಂದಳು. ಹೌದು ಅಂದೆ. ಒಂದು ನಿಮಿಷ ಕಳೆದಿರಲಿಲ್ಲ, ನನ್ನ ತೋಳು ಹಿಡಿದುಕೊಂಡು ಕೇಳಿದಳು: "ಅದು ಅವ್ನನ್ನ ಸಾಯಿಸಿಬಿಡುತ್ತಾ?"

ಗೊಂಬೆ ಅಂತ ಗೊತ್ತು, ಆದರೂ ಭಯ. ಸೂತ್ರದ ಗೊಂಬೆಯಾಟ ನೋಡುವವರಿಗೂ ಇದು ಗೊತ್ತಿರುವ ಅನುಭವವೇ. ದಾರ ಕಾಣುತ್ತಿರುತ್ತದೆ, ಆದರೂ ಅಳು ಬರುತ್ತದೆ. ವ್ಯತ್ಯಾಸ ಇಷ್ಟೇ, ಅಲ್ಲಿ ಆಡಿಸುವ ಕೈ ಆಟದ ಹೊತ್ತಿಗೂ ಅಲ್ಲೇ ಇರುತ್ತದೆ. ಇಲ್ಲಿ ಆಡಿಸಿದ ಕೈ ಆಗಲೇ ಹೊರಟುಹೋಗಿದೆ. ಉಳಿದಿರುವುದು ಕೆದರಿದ ತುಪ್ಪಳ, ಒಂದಿಷ್ಟು ಜರ್ಕ್.

ಗೊಂಬೆಯೊಳಗಿನ ನಟ

ಈ ಚಿತ್ರಗಳಲ್ಲಿ ಮನುಷ್ಯ ಪಾತ್ರಗಳು ಹಲವು ಸಲ ಮರದ ಹಾಗಿರುತ್ತವೆ. ನಟನೆ ಏನಿದ್ದರೂ ದೈತ್ಯರದ್ದೇ. ಓ'ಬ್ರಯನ್ ಎಳೆಯ ವಯಸ್ಸಿನಲ್ಲಿ ಬಾಕ್ಸಿಂಗ್ ಕಣದಲ್ಲೂ ಇದ್ದವರು. ಕಾಂಗ್ ಮತ್ತು ಡೈನೋಸಾರ್ ಕಾದಾಡುವಾಗ ಆ ಅನುಭವ ಕಾಣುತ್ತದೆ. ಎದುರಾಳಿ ಸತ್ತ ಮೇಲೆ ಕಾಂಗ್ ಅದರ ಮುರಿದ ದವಡೆಯನ್ನು ಹಿಡಿದು ತೆರೆದು ಮುಚ್ಚಿ ನೋಡುತ್ತಾನೆ, ಆಟಿಕೆ ಕೆಟ್ಟಾಗ ಮಗು ಮಾಡುವಂತೆ. ಕೊನೆಯಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡು ತಾಗಿದಾಗ ಎದೆಯ ಗಾಯ ಮುಟ್ಟಿಕೊಂಡು, ಇದೇನಾಯಿತು ಎಂಬಂತೆ ನೋಡುತ್ತಾನೆ.

1957ರ '20 ಮಿಲಿಯನ್ ಮೈಲ್ಸ್ ಟು ಅರ್ತ್'ನಲ್ಲಿ ಶುಕ್ರಗ್ರಹದಿಂದ ಬಂದ ಜೀವಿಯೊಂದಿದೆ. ಹುಟ್ಟಿದಾಗ ಅಂಗೈಯಷ್ಟಿದ್ದದ್ದು ದೀಪ ಹಾಕಿದ ಕೂಡಲೇ ಕಣ್ಣುಜ್ಜಿಕೊಳ್ಳುತ್ತದೆ. ಅದರ ಆಹಾರ ಗಂಧಕ. ತಾನಾಗಿ ಯಾರ ತಂಟೆಗೂ ಹೋಗುವುದಿಲ್ಲ. ಹೆದರಿದ ಜನ ಅಟ್ಟಿಸಿಕೊಂಡು ಹೋಗುತ್ತಾರೆ, ಕೊನೆಗೆ ಅದು ರೋಮ್‌ನ ಕೊಲೊಸಿಯಂ ಮೇಲಿಂದ ಬಿದ್ದು ಸಾಯುತ್ತದೆ. ತನ್ನದಲ್ಲದ ಊರಿಗೆ ಯಾರೋ ಹೊತ್ತು ತಂದು, ಆಮೇಲೆ ನೀನ್ಯಾಕೆ ಬಂದೆ ಅಂತ ಕೊಲ್ಲುವ ಕಥೆ. ಒಬ್ಬನೇ ಮನುಷ್ಯ ತಿಂಗಳುಗಟ್ಟಲೆ ಒಂದು ಗೊಂಬೆಯ ಜೊತೆ ಕತ್ತಲೆ ಕೋಣೆಯಲ್ಲಿದ್ದು, ಅದರ ಒಂದೊಂದು ಚಲನೆಯನ್ನೂ ತಾನೇ ಅಭಿನಯಿಸಿದಾಗ ಈ ಮರುಕ ಹುಟ್ಟುತ್ತದೆ.

ಹಾಗಂತ ಈ ಸಿನಿಮಾಗಳಲ್ಲಿ ಎಲ್ಲವೂ ಒಪ್ಪುವಂಥದ್ದಲ್ಲ. 'ಕಿಂಗ್ ಕಾಂಗ್'ನಲ್ಲಿ ದ್ವೀಪವಾಸಿಗಳನ್ನು ತೋರಿಸಿರುವ ರೀತಿಯಲ್ಲಿ ಬಿಳಿಯರ ಜನಾಂಗೀಯ ಅಹಂಕಾರ ಎದ್ದು ಕಾಣುತ್ತದೆ. ಹೆಣ್ಣಿಗೆ ಕಿರುಚುವುದು ಬಿಟ್ಟು ಹೆಚ್ಚು ಕೆಲಸವಿಲ್ಲ. ಬೆರಳ ಗುರುತಿನ ಜೊತೆ ಆ ಕಾಲದ ಕೊಳೆಯೂ ಉಳಿದಿದೆ. ಎರಡನ್ನೂ ನೋಡಬೇಕು.

ಕೈಗಳು ಎಲ್ಲಿ ಹೋದವು?

1993ರ 'ಜುರಾಸಿಕ್ ಪಾರ್ಕ್' ಈ ಕಥೆಯ ತಿರುವು. ಆ ಚಿತ್ರಕ್ಕೆ ಗೊಂಬೆ ಡೈನೋಸಾರ್‌ಗಳನ್ನು ಆಡಿಸಲು ಬಂದಿದ್ದವರು ಫಿಲ್ ಟಿಪ್ಪೆಟ್. ಕಂಪ್ಯೂಟರಿನಲ್ಲಿ ಮಾಡಿದ ಪರೀಕ್ಷಾ ದೃಶ್ಯ ನೋಡಿದ ಮೇಲೆ, ಅಳಿದುಹೋದ ಪ್ರಾಣಿಗಳ ಪಟ್ಟಿಗೆ ತಾನೂ ಸೇರಿದೆ ಎಂದರು. ಸ್ಪೀಲ್‌ಬರ್ಗ್ ಆ ಮಾತನ್ನು ಸಿನಿಮಾದ ಸಂಭಾಷಣೆಗೇ ಸೇರಿಸಿಕೊಂಡರು. ಆದರೆ ಟಿಪ್ಪೆಟ್ ಹೊರಗೆ ಹೋಗಲಿಲ್ಲ. ಪ್ರಾಣಿ ಹೇಗೆ ತೂಕ ಹಾಕಿ ನಡೆಯುತ್ತದೆ, ಹೇಗೆ ತಿರುಗುತ್ತದೆ ಎಂಬುದು ಕಂಪ್ಯೂಟರಿಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಕೀಲುಗಳಿರುವ ಗೊಂಬೆಯನ್ನು ಕೈಯಿಂದ ಸರಿಸಿದರೆ ಆ ಚಲನೆ ಕಂಪ್ಯೂಟರಿಗೆ ಹೋಗುವ ಉಪಕರಣವನ್ನು ಮಾಡಿಕೊಳ್ಳಲಾಯಿತು. ಆ ಚಿತ್ರದ ಆಸ್ಕರ್‌ನಲ್ಲಿ ಟಿಪ್ಪೆಟ್ ಅವರಿಗೂ ಪಾಲು ಸಿಕ್ಕಿತು.

ಅಂದರೆ ಕೈಗಳು ಮಾಯವಾಗಲಿಲ್ಲ, ಮರೆಗೆ ಸರಿದವು. ಇಂದಿನ ಗ್ರಾಫಿಕ್ಸ್ ಪ್ರಾಣಿಗಳ ಹಿಂದೆಯೂ ಮನುಷ್ಯರೇ ಇದ್ದಾರೆ, ಒಬ್ಬಿಬ್ಬರಲ್ಲ, ನೂರಾರು ಜನ. ಅವರಲ್ಲಿ ಅನೇಕರು ಕೂತು ಕೆಲಸ ಮಾಡುವುದು ನಮ್ಮ ಬೆಂಗಳೂರಿನಲ್ಲೇ. 2016ರ 'ದಿ ಜಂಗಲ್ ಬುಕ್' ಚಿತ್ರದ ಪ್ರಾಣಿಗಳಿಗೆ ಜೀವ ಕೊಟ್ಟ ಎಂಪಿಸಿ ಸಂಸ್ಥೆಯ ದೊಡ್ಡ ಶಾಖೆ ಇಲ್ಲಿತ್ತು. 2025ರ ಫೆಬ್ರವರಿಯಲ್ಲಿ ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದಾಗ ಬೆಂಗಳೂರು, ಮುಂಬೈ ಕಚೇರಿಗಳೂ ಮುಚ್ಚಿದವು, ಸಾವಿರಾರು ಜನರ ಕೆಲಸ ಹೋಯಿತು. ಸಿನಿಮಾ ನೋಡುವ ನಮಗೆ ಆ ಸುದ್ದಿ ಅಷ್ಟಾಗಿ ತಟ್ಟಲಿಲ್ಲ. ಯಾಕೆಂದರೆ "ಅದನ್ನೆಲ್ಲ ಕಂಪ್ಯೂಟರೇ ಮಾಡುತ್ತೆ ಬಿಡಿ" ಅಂತ ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಬೆರಳ ಗುರುತು ಪೂರ್ತಿ ಅಳಿಸಿಹೋದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಆದರೆ ಅದರ ಜೊತೆಗೆ ಕೆಲಸಗಾರರೂ ನಮ್ಮ ಕಣ್ಣಿನಿಂದ ಅಳಿಸಿಹೋಗುತ್ತಾರೆ. ಇನ್ನು ಮೇಲೆ ನಾಲ್ಕು ಸಾಲು ಟೈಪ್ ಮಾಡಿದರೆ ಎಐ ಒಂದು ದೈತ್ಯನನ್ನು ಕೊಡುತ್ತದೆ. ಆಗಂತೂ ಯಾರ ಕೈ ಅಂತ ಕೇಳುವುದಕ್ಕೂ ಜಾಗವಿರುವುದಿಲ್ಲ.

ಅಂದು ಕಾಳಗ ಮುಗಿದ ಮೇಲೆ ಮಗಳು ಮೂರನೆಯ ಪ್ರಶ್ನೆ ಕೇಳಿದಳು: "ಇದನ್ನ ಯಾರು ಮಾಡಿದ್ದು?" ಹ್ಯಾರಿಹೌಸನ್ ಅಂತ ಹೇಳಿದೆ. ಇಷ್ಟು ದಿನ ಅವಳ ಜೊತೆ ಎಷ್ಟೋ ಗ್ರಾಫಿಕ್ಸ್ ಸಿನಿಮಾ ನೋಡಿದ್ದೇನೆ. ಆ ಪ್ರಶ್ನೆಯನ್ನು ಅವಳೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.