ಅಮ್ಮನಿಗೂ ಇದ್ದ ಹೊಟ್ಟೆನೋವು

‘ಎಲ್ಲ ಹೆಣ್ಮಕ್ಳಿಗೂ ಇಪ್ಪುದೇ ಅದ್. ಮದಿ ಆದ್ರೆ ಸರಿ ಆತ್ತ್.’ ಬೈಂದೂರಿನಿಂದ ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಮುಟ್ಟಿನ ನೋವಿಗೆ ಸಿಗುವ ಮೊದಲ ಮದ್ದು ಈ ಮಾತು. ಜತೆಗೆ ಒಂದು ಲೋಟ ಜೀರಿಗೆ ಕಷಾಯ. ನಮ್ಮ ಮನೆಯಲ್ಲಿ ಇನ್ನೊಂದು ವಾಕ್ಯವೂ ಸೇರುತ್ತದೆ: ‘ನಂಗೂ ಹಾಂಗೇ ಇದ್ದಿತ್, ನಿನ್ ದೊಡ್ಡಮ್ಮಂಗೂ ಇದ್ದಿತ್ ಹೆಣೆ.’

ಸಮಾಧಾನಕ್ಕೆಂದು ಹೇಳುವ ಈ ಕೊನೆಯ ಮಾತು ವೈದ್ಯರ ಕಿವಿಗೆ ಬಿದ್ದರೆ ಅದೊಂದು ಮುಖ್ಯ ಸುಳಿವು. ಏಕೆಂದರೆ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಕುಟುಂಬದಲ್ಲಿ ಹರಿದು ಬರುವುದುಂಟು.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಅಂಡಾಶಯ, ಕರುಳು, ಹೊಟ್ಟೆಯ ಒಳಗೋಡೆಯ ಮೇಲೆ ಬೆಳೆಯುವುದೇ ಈ ಕಾಯಿಲೆ. ಪ್ರತಿ ತಿಂಗಳ ಹಾರ್ಮೋನ್ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ. ಅಲ್ಲಿ ಉರಿಯೂತವಾಗಿ, ಗಾಯದ ಕಲೆಗಟ್ಟಿ, ಕೆಲವರಲ್ಲಿ ಅಂಗಾಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ 10ರಷ್ಟು ಮಂದಿಗೆ ಇದಿದೆ. 30 ಹುಡುಗಿಯರಿರುವ ಕ್ಲಾಸಿನಲ್ಲಿ ಮೂವರು ಅಂದುಕೊಳ್ಳಿ. ಆದರೂ ಕಾಯಿಲೆಯ ಹೆಸರು ತಿಳಿಯಲು ವರ್ಷಗಳೇ ಹಿಡಿಯುತ್ತವೆ.

ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ, ಹಾಗಾಗಿ ನನಗೆ ಅರ್ಥವಾದದ್ದು ಹೀಗೆ. ಒಂದೇ ಸ್ಟೇಷನ್ನಿನ ಸಿಗ್ನಲ್ ಎರಡು ರೇಡಿಯೊಗಳಲ್ಲಿ ಒಂದೇ ತರ ಕೇಳಿಸಬೇಕೆಂದಿಲ್ಲ, ಅದು ರಿಸೀವರ್ ಹೇಗಿದೆ ಎಂಬುದರ ಮೇಲೆ ನಿಂತಿದೆ. ದೇಹದಲ್ಲಿ ಹಾರ್ಮೋನ್ ಸಿಗ್ನಲ್ ಆದರೆ, ಜೀವಕೋಶದೊಳಗಿನ ರಿಸೆಪ್ಟರ್ ಎಂಬ ಪ್ರೋಟೀನೇ ರಿಸೀವರ್. ಈಸ್ಟ್ರೋಜನ್ ಒಳಪದರಕ್ಕೆ ‘ಬೆಳೆ’ ಎನ್ನುತ್ತದೆ, ಪ್ರೊಜೆಸ್ಟರಾನ್ ‘ಸಾಕು’ ಎನ್ನುತ್ತದೆ. ಈ ಕಾಯಿಲೆಯ ಅಂಗಾಂಶಕ್ಕೆ ಎಷ್ಟೋ ಸಲ ಆ ‘ಸಾಕು’ ಸರಿಯಾಗಿ ಕೇಳಿಸುವುದೇ ಇಲ್ಲ. ಪ್ರೊಜೆಸ್ಟರಾನ್ ಮಾದರಿಯ ಮಾತ್ರೆ ಕೆಲವರಿಗೆ ನಾಟದಿರಲು ಇದೂ ಒಂದು ಕಾರಣ.

ಆ ರಿಸೀವರ್ ಕಟ್ಟುವ ಸೂಚನೆ ಇರುವುದು ಜೀನ್‌ನಲ್ಲಿ. ಈಸ್ಟ್ರೋಜನ್ ರಿಸೆಪ್ಟರ್‌ನ ‘ಇಎಸ್‌ಆರ್1’ ಜೀನ್ 6ನೇ ಕ್ರೋಮೋಸೋಮಿನಲ್ಲಿದೆ, ಪ್ರೊಜೆಸ್ಟರಾನ್ ರಿಸೆಪ್ಟರ್‌ನ ‘ಪಿಜಿಆರ್’ 11ನೆಯದರಲ್ಲಿ. ಕೆಲವರ ಪಿಜಿಆರ್‌ನಲ್ಲಿ ಸುಮಾರು 300 ಅಕ್ಷರಗಳ ಹೆಚ್ಚುವರಿ ತುಂಡೊಂದು ಸೇರಿಕೊಂಡಿರುತ್ತದೆ. ಈ ರೂಪಕ್ಕೆ ‘ಪ್ರೊಜಿನ್ಸ್’ ಎಂದು ಹೆಸರು. ಕಾಯಿಲೆಗೆ ಇದರ ನಂಟಿದೆ ಎಂದ ಸಣ್ಣ ಅಧ್ಯಯನಗಳಿವೆ, ಇಲ್ಲ ಎಂದವೂ ಇವೆ. 2023ರಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎಯನ್ನು 7 ಲಕ್ಷಕ್ಕೂ ಹೆಚ್ಚು ಇತರರ ಡಿಎನ್‌ಎ ಜತೆ ಹೋಲಿಸಿದಾಗ ಸಿಕ್ಕಿದ್ದು ಒಬ್ಬ ‘ಅಪರಾಧಿ’ ಅಲ್ಲ, 42 ಜಾಗಗಳು. ಇಎಸ್‌ಆರ್1 ಇರುವ ಜಾಗವೂ ಅದರಲ್ಲಿದೆ. ಆದರೆ ಆ ಡಿಎನ್‌ಎ ಯುರೋಪ್ ಮತ್ತು ಪೂರ್ವ ಏಷ್ಯಾ ಮೂಲದವರದು. ನಮ್ಮ ದೇಶದ ಮಹಿಳೆಯರಿಗಾಗಿ ಮುಂಬೈನ ಐಸಿಎಂಆರ್ ಸಂಸ್ಥೆಯೊಂದರ ನೇತೃತ್ವದಲ್ಲಿ ‘ಇಸಿಜಿಆರ್‌ಐ’ ಎಂಬ ಅಧ್ಯಯನ ಕೈಗೊಳ್ಳಲಾಗಿದೆ.

ಅಂದರೆ ಜೀನ್ ಪರೀಕ್ಷೆ ಮಾಡಿಸಿ ‘ಇದೆ’ ಅಥವಾ ‘ಇಲ್ಲ’ ಎನ್ನುವ ಕಾಲ ಇನ್ನೂ ಬಂದಿಲ್ಲ. ಆದರೆ ಅವಳಿಗಳ ಅಧ್ಯಯನಗಳು ಒಂದು ವಿಷಯ ಹೇಳಿವೆ: ಈ ಕಾಯಿಲೆ ಯಾರಿಗೆ ಬರುತ್ತದೆ ಎಂಬುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು. ಹಾಗಿದ್ದಾಗ ಅಮ್ಮ, ದೊಡ್ಡಮ್ಮನ ಕಥೆಯೇ ಸದ್ಯಕ್ಕೆ ನಮ್ಮ ಕೈಯಲ್ಲಿರುವ ಖರ್ಚಿಲ್ಲದ ಜೀನ್ ರಿಪೋರ್ಟ್.

ನನಗಿರುವುದು ಇದೇ ಎಂದು ಇನ್ನೂ ಖಚಿತವಾಗಿಲ್ಲ. ಸ್ಕ್ಯಾನಿಂಗ್ ‘ನಾರ್ಮಲ್’ ಬಂದಿದೆ, ಆದರೆ ಅಷ್ಟರಿಂದಲೇ ಕಾಯಿಲೆ ಇಲ್ಲ ಎನ್ನಲಾಗದು ಎಂದಿದ್ದಾರೆ ವೈದ್ಯರು. ಮುಂದಿನ ತಿಂಗಳು ಎಂಆರ್‌ಐ ಇದೆ. ತಿಂಗಳಿಗೆ ಮೂರು ದಿನ ಹಾಸಿಗೆ ಹಿಡಿದರೆ ಶೇ 85ರ ಹಾಜರಾತಿ ಹೇಗೆ ತುಂಬಿಸುವುದು ಎಂಬ ಲೆಕ್ಕವೂ ತಲೆಯಲ್ಲಿದೆ. ನಾಳೆ ಕೆಲಸಕ್ಕೆ ಸೇರಿದರೂ ಇದೇ ಲೆಕ್ಕ.

ಮದುವೆ, ಬಸಿರು ಯಾವುದೂ ಈ ಕಾಯಿಲೆಗೆ ಮದ್ದಲ್ಲ. ನೋವು ಕ್ಲಾಸು, ಕೆಲಸ ತಪ್ಪಿಸುವಷ್ಟಿದ್ದರೆ, ಮಲವಿಸರ್ಜನೆಯಲ್ಲೂ ನೋವಿದ್ದರೆ, ಮಾತ್ರೆಗೂ ಬಗ್ಗದಿದ್ದರೆ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಹೋಗುವ ಮುನ್ನ ಮೂರು ತಿಂಗಳ ತಾರೀಕು ಬರೆದಿಟ್ಟುಕೊಳ್ಳಿ. ಕೆಳಗೆ ಇನ್ನೊಂದು ಸಾಲು ಸೇರಿಸಿ: ಮನೆಯಲ್ಲಿ ಮತ್ತ್ಯಾರಿಗೆ ಹೀಗಿತ್ತು? ಕೇಳಿದರೆ ಮನೆಯವರು ಖಂಡಿತ ಹೇಳುತ್ತಾರೆ. ಇಷ್ಟು ವರ್ಷ ಅವರನ್ನು ಯಾರೂ ಕೇಳಿಲ್ಲ, ಅಷ್ಟೆ.