ಬಿಸಿನೀರಿನ ಬುಗ್ಗೆಗೆ ಲಿಥಿಯಂ ಎಲ್ಲಿಂದ ಬರುತ್ತೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಪದರ ಕಟ್ಟಿರುತ್ತೆ. ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿನ ಸಂದಿಯಲ್ಲಿ ಹರಿಯುವಾಗ ನೀರು ಕಲ್ಲನ್ನೇ ಸ್ವಲ್ಪ ಕರಗಿಸಿಕೊಂಡು ಬಂದಿದೆ ಅಂತ ಅರ್ಥ. ತಣ್ಣೀರೇ ಇಷ್ಟು ಮಾಡಿದರೆ, 200 ಡಿಗ್ರಿ ಬಿಸಿಯ ನೀರು ಏನೇನು ಹೊತ್ತು ತರಬಹುದು?

ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಲಡಾಖ್‌ನ ಪೂಗಾ ಕಣಿವೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಬುಗ್ಗೆಯ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತೆ. ಆ ನೀರಿನಲ್ಲಿ ಬೋರಾನ್, ಲಿಥಿಯಂ, ಸೀಸಿಯಂ ಇವೆ.

ಆಗೋದು ಹೀಗೆ. ಮಳೆ, ಹಿಮದ ನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು ಕಾಯುತ್ತೆ. ಬಿಸಿ ಹೆಚ್ಚಾದಂತೆ ಅದು ಅಭ್ರಕ, ಫೆಲ್ಡ್‌ಸ್ಪಾರ್‌ನಂಥ ಖನಿಜಗಳನ್ನು ಒಡೆಯುತ್ತೆ. ಒಳಗಿದ್ದ ಅಯಾನುಗಳು ನೀರಿಗೆ ಬರುತ್ತವೆ. ನೀರು ಮೇಲೇರುವಾಗ ಒತ್ತಡ ಇಳಿದು ಒಂದಷ್ಟು ಆವಿಯಾಗಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಸಿಲಿಕಾ, ಕ್ಯಾಲ್ಸಿಯಂ ಹೊಸ ಹರಳುಗಳಾಗಿ ದಾರಿಯಲ್ಲೇ ಕೂರುತ್ತವೆ. ಆದರೆ ಲಿಥಿಯಂ ಅಯಾನು ತುಂಬಾ ಚಿಕ್ಕದು, ಸೀಸಿಯಂ ತುಂಬಾ ದೊಡ್ಡದು. ಸಾಮಾನ್ಯ ಹರಳುಗಳಲ್ಲಿ ಇವಕ್ಕೆ ಸರಿಯಾದ ಜಾಗವಿಲ್ಲ. ಹಾಸ್ಟೆಲ್ ಅಲಾಟ್‌ಮೆಂಟ್‌ನಲ್ಲಿ ರೂಮ್ ಸಿಗದವರ ಹಾಗೆ ಹೊರಗೇ, ಅಂದರೆ ನೀರಲ್ಲೇ, ಉಳೀತವೆ. ಉಳಿದವರೆಲ್ಲ ಇಳಿದುಹೋದ ಮೇಲೆ ನೀರಿನಲ್ಲಿ ಇವುಗಳ ಪಾಲು ಹೆಚ್ಚುತ್ತೆ. ಪೂಗಾದಲ್ಲಿ ಸ್ವಲ್ಪ ಸೀಸಿಯಂ ಬುಗ್ಗೆಯ ಬಾಯಲ್ಲಿ ಕಟ್ಟುವ ಸಿಲಿಕಾ ಪದರಕ್ಕೂ ಸಿಕ್ಕಿಬೀಳುತ್ತೆ.

ಹಾಗಾದರೆ ನಮ್ಮ ಕಡೆ ಯಾಕಿಲ್ಲ? ಪೂಗಾ ಇರೋದು ಭೂಫಲಕಗಳು ಡಿಕ್ಕಿ ಹೊಡೆದ ಹಿಮಾಲಯದಲ್ಲಿ. ನಮ್ಮ ಕಾಲ ಕೆಳಗಿನ ಶಿಲೆ ಬಹಳ ಹಳೆಯದು, ಎಚ್.ಡಿ. ಕೋಟೆ ಬಳಿಯ ಸರಗೂರು ಶಿಲಾಪಟ್ಟಿಗೆ 300 ಕೋಟಿ ವರ್ಷ ದಾಟಿದೆ. ಅದರ ಬಿಸಿ ಯಾವತ್ತೋ ಆರಿದೆ. ಕೆಜಿಎಫ್‌ನಲ್ಲಿ 3 ಕಿಲೋಮೀಟರ್ ಆಳಕ್ಕೆ ಹೋದರೂ ಬಂಡೆಯ ಬಿಸಿ ಸುಮಾರು 65 ಡಿಗ್ರಿ ಅಷ್ಟೆ. ಪುತ್ತೂರು ಬಳಿ ಇರ್ದೆಯಲ್ಲಿ ಬೆಂದ್ರ್ ತೀರ್ಥವೇನೋ ಇದೆ (ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು), ಆದರೆ ಅದು ಬೆಚ್ಚಗಿನ ನೀರು, ಕುದಿಯೋದಲ್ಲ.

ಆದರೂ ಲಿಥಿಯಂ ನಮ್ಮ ಪಕ್ಕದಲ್ಲೇ ಇದೆ, ಕಲ್ಲಿನ ರೂಪದಲ್ಲಿ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು 2021ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಅಲ್ಲೂ ಸೂತ್ರ ಅದೇ: ಶಿಲಾಪಾಕ ಗಟ್ಟಿಯಾಗುತ್ತಾ ಬಂದಾಗ ಜಾಗ ಸಿಗದ ಲಿಥಿಯಂ ಕೊನೆಯ ದ್ರವದಲ್ಲಿ ಉಳಿದು, ಪೆಗ್ಮಟೈಟ್ ಆಗಿ ಹೆಪ್ಪುಗಟ್ಟಿತು.

ಕಲ್ಲಿಂದ ತೆಗೆಯಬೇಕಾದರೆ ಅಗೆದು, ಪುಡಿಮಾಡಿ, ಸಾವಿರ ಡಿಗ್ರಿ ಆಸುಪಾಸು ಸುಡಬೇಕು. ನೀರಿನಲ್ಲಾದರೆ ಆ ಕೆಲಸವನ್ನು ಭೂಮಿಯೇ ಮಾಡಿರುತ್ತೆ. ಲಿಥಿಯಂ ಮಾತ್ರ ಹಿಡಿಯುವ ಶೋಧಕ ಬೇಕು. ಅಮೆರಿಕದ ಸಾಲ್ಟನ್ ಸೀ ಬಳಿ ಲೀಟರಿಗೆ ಸುಮಾರು 200 ಮಿಲಿಗ್ರಾಂ ಲಿಥಿಯಂ ಇರುವ ಬಿಸಿ ಉಪ್ಪುನೀರಿನಲ್ಲಿ ಈ ಪ್ರಯತ್ನ ನಡೆದಿದೆ. ಆದರೆ ಇಂಥ ನೀರಿನಲ್ಲಿ ಬೋರಾನ್, ಆರ್ಸೆನಿಕ್ ಕೂಡ ಬರಬಹುದು. ಲಿಥಿಯಂ ತೆಗೆದುಕೊಂಡು ಉಳಿದದ್ದನ್ನು ಹೊಳೆಗೆ ಬಿಟ್ಟರೆ ಕೆಳಗಿನ ಊರುಗಳು ಕುಡಿಯೋದು ಅದನ್ನೇ. ಅದನ್ನು ಮತ್ತೆ ಆಳಕ್ಕೇ ಇಳಿಸಬೇಕು. ಕೆಮಿಕಲ್, ಮೆಕ್ಯಾನಿಕಲ್, ಸಿವಿಲ್, ಮೂರೂ ಬ್ರಾಂಚ್‌ನವರಿಗೆ ಇಲ್ಲಿ ಕೆಲಸವಿದೆ.